ಬರೀಬ್ಯಾಡ್ರಿ

ಠಾಣೆಯೊಳಗ ನನ್ನ ಹೆಸರು ಯಾರಿಗೂ ಬೇಕಿಲ್ಲ,
ರೈಟರ್ ಮೇಡಂ ಅಂದ್ರ ಸಾಕು.
ಹನ್ನೊಂದು ವರ್ಷದಿಂದ ಮಂದಿ ಹೆಸರು ಬರಿಯೋದೇ ನೌಕರಿ:
ಹೆಸರು, ತಂದಿ ಹೆಸರು, ವಯಸ್ಸು, ಉದ್ಯೋಗ,
ಸಾ: ಕಲಬುರಗಿ.

ಮೇ ತಿಂಗಳು. ಕೂಲರಿನ ನೀರು ತೀರಿ
ಬರೀ ಬಿಸಿಗಾಳಿ ಗರಗರ ಸುತ್ತಲಿಕತ್ತಿತ್ತು.
ಸೇಡಂ ರಸ್ತೆ ಮಾರ್ಟಿನ ಮ್ಯಾನೇಜರ್ ಧೂಳಪ್ಪ ಬಂದ,
ಕೊರಳಾಗ ಟೈ, ಟೈ ತುಂಬ ಬೆವರು.
ಹಿಂದ ಒಬ್ಬಾಕಿ. ಹತ್ತೊಂಬತ್ತು. ನರ್ಸಿಂಗ್ ಎರಡನೇ ವರ್ಷ.
ಹೆಸರು ಭಾಗ್ಯವಂತಿ.
ಹೆಸರು ಕೇಳಿ ಗುಂಡೇರಾವ್ ಪೀಸಿ ನಕ್ಕ.

ಮೇಜಿನ ಮ್ಯಾಲ ಇಟ್ಟ ಮಾಲು:
ಲಿಪ್‌ಸ್ಟಿಕ್ ಒಂದು,
ಒಣಗಿದ ದಾಳಿಂಬ್ರಿ ಸಿಪ್ಪಿ ಬಣ್ಣದ್ದು,
ಇನ್ನೂರ ನಲವತ್ತೊಂಬತ್ತು ರೂಪಾಯಿ.

ಹಸಿವಿಗಿ ಕದ್ದಿದ್ರ ನನಗೂ ಸಲೀಸಿತ್ತು,
ಕರುಳು ತಾನೇ ಮಾತಾಡ್ತಿತ್ತು.
ಯಾಕ ತಗೊಂಡಿ, ಅಂದೆ.
ಗೊತ್ತಿಲ್ರಿ. ಕೈಯಾಗಿತ್ತು. ಹಂಗೇ ಹೊರಗ ಬಂದೆ.
ಪರ್ಸಿನಾಗ ಮುನ್ನೂರು ರೂಪಾಯಿ ಇತ್ತು.

ಕಂಪನಿ ರೂಲ್ ಮೇಡಂ, ಅಂದ ಧೂಳಪ್ಪ,
ಸ್ಟಾಕ್ ಕಡಿಮಿ ಬಂದ್ರ ನನ್ನ ಪಗಾರದಾಗ ಹಿಡೀತಾರ.
ಅವನ ಮಾತೂ ಸುಳ್ಳಲ್ಲ.

ಅಷ್ಟರಾಗ ಅವರವ್ವ ಬಂದ್ಲು ರೊಟ್ಟಿ ಸೆಂಟರಿನಿಂದ,
ಮೊಣಕೈ ತನಕ ಜ್ವಾಳದ ಹಿಟ್ಟು,
ಒಣಗಿ ಎರಿಮಣ್ಣಿನಂಗ ಬಿರುಕು ಬಿಟ್ಟಿತ್ತು.
ಮಗಳ ಕಡಿ ನೋಡಲಿಲ್ಲ, ಮಾಲಿನ ಕಡಿ ನೋಡಲಿಲ್ಲ,
ನನ್ನ ಪೆನ್ನು ನೋಡಿದ್ಲು.

ಹೊಡೀರಿ ಬೇಕಾದ್ರ.
ಬರೀಬ್ಯಾಡ್ರಿ ಯವ್ವಾ.

ಸಹಿಗಿ ಹೆಬ್ಬೆಟ್ಟು ಒತ್ತೋ ಹೆಣ್ಮಗಳಿಗಿ ಇದು ಹ್ಯಾಂಗ ತಿಳೀತೋ,
ಬಾಸುಂಡಿ ಮಾಯ್ತದ, ಶಾಯಿ ಮಾಯಲ್ಲ ಅಂತ.
ನನಗ ಗೊತ್ತದ.
ದವಾಖಾನಿ ನೌಕರಿ, ಪಾಸ್‌ಪೋರ್ಟು, ಬಾಡಿಗಿ ಮನಿ,
ಎಲ್ಲಾ ಕಾಗದ ಸುತ್ತಿ ಸುತ್ತಿ ಇದೇ ಮೇಜಿಗಿ ಬರ್ತಾವ.
ಕಂಪ್ಯೂಟರಿನಾಗ ಹೆಸರು ಹಾಕಲಿಕ್ಕ ಎರಡು ನಿಮಿಷ,
ತೆಗೀಲಿಕ್ಕ ಆ ಕೀಬೋರ್ಡಿನಾಗ ಗುಂಡಿ ಇಲ್ಲ.

ಕಾನೂನು ಕಲ್ಲೇನಲ್ಲ.
ಮೊದಲ ಸಲ, ಸಣ್ಣ ಮೊತ್ತ, ಮಾಲು ವಾಪಸ್ ಅಂದ್ರ
ನಾಕು ದಿನ ಸಮಾಜಸೇವಾ ಮಾಡಂತ ಬಿಡ್ತದ.
ಬಿಟ್ಟಿದ್ದನ್ನೂ ಬರೆದೇ ಬಿಡ್ತದ, ಅಷ್ಟೇ.

ಬಿಲ್ ಮಾಡೋ ಧೂಳಪ್ಪ, ಅಂದೆ.
ಆಂ?
ಬಿಲ್. ಆಕಿ ರೊಕ್ಕ ಕೊಡ್ತಾಳ, ನೀ ಬಿಲ್ ಕೊಡು.
ಸ್ಟಾಕೂ ಕೂಡ್ತದ, ನಿನ್ನ ಪಗಾರನೂ ಉಳೀತದ.
ಅವ ಹುಬ್ಬಳ್ಳಿ ಸಾಹೇಬರಿಗಿ ಫೋನ್ ಹಚ್ಚಿದ.
ಅವರು ಎತ್ತಲಿಲ್ಲ.
ಆಮ್ಯಾಲ ಎಷ್ಟೋ ಸಲ ಅನಿಸ್ಯದ,
ಎತ್ತಿದ್ದರ?

ಬಿಲ್ ಬಂತು. ಅದರಾಗ ಟೈಮ್ ಐದು ಹತ್ತು.
ಆಕಿ ಸಿಕ್ಕಿದ್ದು ಮೂರೂವರಿಗಿ.
ನಡುವಿನ ಹೊತ್ತು ಯಾವ ಪುಸ್ತಕದಾಗೂ ಇಲ್ಲ.
ಐವತ್ತೊಂದು ರೂಪಾಯಿ ಚಿಲ್ಲರ ಎಣಿಸಿಕೊಂಡು ಹ್ವಾದ್ಲು.
ಹೊರಗ ಬೇವಿನ ಗಿಡದ ಕೆಳಗ
ಚಟ್ಟಂತ ಒಂದು ಸಪ್ಪಳಾತು.
ಅದನ್ನೂ ನಾ ಬರೀಲಿಲ್ಲ.

ಲಿಪ್‌ಸ್ಟಿಕ್ ಮೇಜಿನ ಮ್ಯಾಲೇ ಉಳೀತು.
ಡ್ರಾದಾಗ ಸ್ಟ್ಯಾಂಪ್ ಪ್ಯಾಡಿನ ಬಾಜೂಕ ಅದ, ಬಿಲ್ಲಿನ ಸಮೇತ.
ಒಮ್ಮಿ ಮುಚ್ಚಳ ತೆಗೆದು ನೋಡಿದೆ.
ಹಚ್ಚಲಿಲ್ಲ.

ಮೂರು ವರ್ಷಕ್ಕ ಆಕಿ ಕಾಗದ ಬಂತು ತಪಾಸಣಿಗಿ.
ಸದರಿಯವರ ಮೇಲೆ ಯಾವುದೇ ಪ್ರಕರಣ ಇರುವುದಿಲ್ಲ,
ಬರೆದೆ, ಶಿಕ್ಕಾ ಹೊಡೆದೆ.
ಸುಳ್ಳಲ್ಲ ಅದು.

ಆದ್ರ ಆ ಮೇ ತಿಂಗಳದಾಗೇ, ಅದೇ ವಾರ,
ನಂದೂರಿನ ಹುಡುಗೊಬ್ಬ ಬಂದಿದ್ದ,
ಒಂದು ಜೋಡು ಬೂಟಿಗಿ.
ಅಂಗಡಿಯವ ಬ್ಯಾರೆ. ಸಾಹೇಬ್ರು ಎದುರಿಗೇ ಕುಂತಿದ್ರು.
ಹಿಟ್ಟಿನ ಕೈಯವ್ರು ಯಾರೂ ಓಡಿ ಬರಲಿಲ್ಲ.
ಹೆಸರು, ಅಂದೆ. ಹೇಳಿದ.
ತಂದಿ ಹೆಸರು. ವಯಸ್ಸು.

ಅಕ್ಷರ ಭಾಳ ಚಂದ ಅವ ನಿಮ್ಮವು,
ಅಂದ್ರು ಸಾಹೇಬ್ರು, ಸಹಿ ಮಾಡುವಾಗ.